ಅಂತೋಣಪ್ಪನ ಮಂಗಳವಾರದ ಬನ್ನು

ಕೊಡ್ಲಿಪೇಟೆ
15 ನವೆಂಬರ್ 2023, ಬುಧವಾರ

ಅಣ್ಣಾ,

ಮೊದಲೇ ಹೇಳಿಬಿಡುತ್ತೇನೆ: ನನ್ನ ಮಂಡಿ ನೋವು ಹಾಗೇ ಇದೆ, ಅದನ್ನು ವಿಚಾರಿಸಲು ಒಂದು ಹಾಳೆ ದಂಡ ಮಾಡಬೇಡ. ನಿನ್ನ ಕಿವಿ ಹೋದ ಮೇಲೆ ಫೋನಿನಲ್ಲಿ ಕಿರುಚಿ ಕಿರುಚಿ ನನ್ನ ಗಂಟಲೂ ಹೋಯಿತು. ಅದಕ್ಕೇ ಈ ಕಾಗದ. ನಿವೃತ್ತ ಪಾದ್ರಿಗಳ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಹಾಕುತ್ತಾರಲ್ಲ, ಉಂಡು ಕೂತು ಓದು.

ನೀನು ಇಲ್ಲಿದ್ದಾಗ ಶುರು ಮಾಡಿದ ಸಂತ ಅಂತೋಣಿಯವರ ಬನ್ನು ಇನ್ನೂ ನಡೆಯುತ್ತಿದೆ. ಸೋಮವಾರ ಸಂಜೆ ಹರಕೆಯವರು ಬನ್ನು ತಂದು ಅವರ ಸ್ವರೂಪದ ಮುಂದೆ ಇಡುತ್ತಾರೆ. ನಾನು ಗುಡಿಗೆ ಬೀಗ ಹಾಕುತ್ತೇನೆ. ವಾರಕ್ಕೊಮ್ಮೆ, ಮಂಗಳವಾರ ಬೆಳಿಗ್ಗೆ ಮಾತ್ರ, ಫಾದರ್ ಬಂದು ಆಶೀರ್ವದಿಸುತ್ತಾರೆ. ನೀನು ಬಡವರಿಗೆ ಅಂತ ಶುರು ಮಾಡಿದ್ದೆ. ಈಗ ತಂದವರೇ ಪ್ರಸಾದ ಅಂತ ಹಂಚಿಕೊಂಡು ಮನೆಗೆ ಒಯ್ಯುತ್ತಾರೆ. ಕೆಳಗಿನ ಎಸ್ಟೇಟಿನ ಕೂಲಿಗಳ ಲೈನ್ ಮನೆಗಳ ಮಕ್ಕಳು ಗೇಟಿನಾಚೆ ನಿಂತು ನೋಡುತ್ತವೆ. ಒಂದೊಂದು ಸಲ ಕರೆದು ಕೊಡುತ್ತೇನೆ, ಒಂದೊಂದು ಸಲ ಗದರಿ ಓಡಿಸುತ್ತೇನೆ. ಅದು ಆ ದಿನದ ಮಂಡಿ ನೋವಿನ ಮೇಲೆ ಹೋಗುತ್ತದೆ.

ವಿಷಯ ಅದಲ್ಲ. ಈಚೆಗೆ ಬನ್ನು ಕಡಿಮೆಯಾಗುತ್ತಿದೆ. ಬೀಗ ಹಾಕಿದ್ದು ಹಾಕಿದಂತೆಯೇ ಇದೆ, ಬೀಗದ ಕೈ ನನ್ನ ಕೊರಳಲ್ಲಿದೆ. ಇಲಿ ಅಂದುಕೊಂಡೆ. ಇಲಿಯಾದರೆ ಚೂರು ಚೆಲ್ಲುತ್ತದೆ. ಕಬ್ಬೆಕ್ಕು ಅಂದುಕೊಂಡೆ. ಕಬ್ಬೆಕ್ಕು ಬನ್ನಿನ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಪೀಠದ ಅಂಚಿಗೆ ಇಟ್ಟು ಹೋಗುತ್ತದಾ?

ಇನ್ನೊಂದು. ನಿನ್ನೆ ಬೆಳಿಗ್ಗೆ ಸ್ವರೂಪದ ಧೂಳು ಒರೆಸುವಾಗ ನೋಡಿದೆ. ಅಂತೋಣಿಯವರ ತೋಳಿನಲ್ಲಿ ಬಾಲಯೇಸು ಕೂತಿದ್ದಾನಲ್ಲ, ಅವನ ಅಂಗೈಯಲ್ಲಿ ಒಂದು ಚೂರು ಬನ್ನು ಇತ್ತು. ನಾನು ಏಣಿ ಹತ್ತಬೇಕು, ಅಷ್ಟು ಎತ್ತರ. ತೆಗೆಯಲು ಧೈರ್ಯ ಬರಲಿಲ್ಲ.

ಏನಂತೀಯ?

ನಿನ್ನ ತಂಗಿ,
ಜಪಮಾಲೆ


ಮೈಸೂರು
24 ನವೆಂಬರ್ 2023

ಜಪಮಾಲೆ,

ನಿನ್ನ ಕಾಗದವನ್ನು ಊಟದ ಮನೆಯಲ್ಲಿ ಓದಿ ನಕ್ಕೆ. ಪಕ್ಕದಲ್ಲಿದ್ದ ಮುದಿ ಪಾದ್ರಿಗಳಿಗೂ ಓದಿ ಹೇಳಿದೆ, ಅವರೂ ನಕ್ಕರು. ಕೋಣೆಗೆ ಬಂದು ಮತ್ತೊಮ್ಮೆ ಓದಿದಾಗ ನಗು ಬರಲಿಲ್ಲ.

ನಿನಗೆ ಚಿಕ್ಕಂದಿನಿಂದಲೂ ಇಣುಕುವ ಚಾಳಿ. ಈ ಒಂದು ವಿಷಯದಲ್ಲಿ ಇಣುಕಬೇಡ. ಬನ್ನು ಕೊಟ್ಟಾಯಿತು. ಕೊಟ್ಟಿದ್ದನ್ನು ಯಾರು ತಿಂದರು ಅಂತ ಕೇಳುವುದು ಕೊಟ್ಟವರ ಕೆಲಸವಲ್ಲ. ಬೆಕ್ಕಾದರೆ ಬೆಕ್ಕು, ಸ್ವಾಮಿಯಾದರೆ ಸ್ವಾಮಿ. ನೀನು ಬೀಗ ಹಾಕು, ಪ್ರಾರ್ಥನೆ ಮಾಡು, ಮನೆಗೆ ಹೋಗು.

ಯಾರಿಗೂ ಹೇಳಬೇಡ. ಅಲ್ಲಿಯ ಜನ ನನಗೆ ಗೊತ್ತು.

ಆಶೀರ್ವಾದಗಳೊಂದಿಗೆ,
ಚೌರಪ್ಪ


ಕೊಡ್ಲಿಪೇಟೆ
13 ಡಿಸೆಂಬರ್ 2023

ಅಣ್ಣಾ,

ಯಾರಿಗೂ ಹೇಳಬೇಡ ಅಂದಿದ್ದೆ. ನಿನ್ನ ಕಾಗದ ಬರುವಷ್ಟರಲ್ಲಿ ಹೇಳಿಯಾಗಿತ್ತು. ಒಬ್ಬರಿಗೇ ಹೇಳಿದ್ದು. ಆದರೆ ಆ ಒಬ್ಬರು ಇನ್ನಾಸಪ್ಪನ ಹೆಂಡತಿ. ಇನ್ನಾಸಪ್ಪ ಗೊತ್ತಲ್ಲ, ಮೆಣಸಿನ ವ್ಯಾಪಾರ, ಈಗ ಗುಡಿ ಸಮಿತಿಯ ಅಧ್ಯಕ್ಷ.

ನಿನ್ನೆ ಮಂಗಳವಾರ ಗೇಟಿನಿಂದ ರಸ್ತೆಯವರೆಗೆ ಜನ. ಮಡಿಕೇರಿಯಿಂದ ಕಾರುಗಳು ಬಂದಿದ್ದವು. ನಮ್ಮವರಷ್ಟೇ ಅಲ್ಲ, ತೋಟದ ಗೌಡರು ಬಂದಿದ್ದರು, ಕೊಡವ ಹೆಂಗಸರು ಬಂದಿದ್ದರು, ಸಾಬರ ಹುಡುಗಿ ಒಬ್ಬಳು ಬಂದು ಮೇಣದಬತ್ತಿ ಹಚ್ಚಿದಳು. ಎಲ್ಲರ ಕೈಯಲ್ಲೂ ಬನ್ನು. ಬಾಲಯೇಸು ತಿನ್ನುತ್ತಾನಂತೆ, ಯಾರ ಬನ್ನು ತಿಂದನೋ ಅವರ ಹರಕೆ ಈಡೇರುತ್ತದಂತೆ. ಇನ್ನಾಸಪ್ಪ ಸೋರುವ ಮಾಡು ತೆಗೆಸಿ ಹೊಸ ಶೀಟು ಹೊದಿಸಲು ಆಳುಗಳನ್ನು ಕರೆಸಿದ್ದಾನೆ. ಗುಡಿಯಲ್ಲಿ ನಾಲ್ಕು ಮುದುಕಿಯರ ಜೊತೆ ಜಪಸರ ಹೇಳಿ ಹೇಳಿ ಸಾಕಾಗಿತ್ತು ನನಗೆ. ಖುಷಿಯಾಗಿದೆ ಅಣ್ಣಾ, ಸುಳ್ಳು ಯಾಕೆ ಹೇಳಲಿ.

ಆದರೆ ಸೋಮವಾರ ನಡೆದದ್ದನ್ನು ನಿನಗೆ ಮಾತ್ರ ಹೇಳುತ್ತೇನೆ. ಮಧ್ಯಾಹ್ನ ನೆಲ ತೊಳೆದು, ಬೀಗ ಹಾಕಿ, ಹೂ ತರಲು ಹೋಗಿದ್ದೆ. ಬಂದು ಬಾಗಿಲು ತೆಗೆದರೆ ಕೆಂಪು ನೆಲದ ಮೇಲೆ ಪುಟ್ಟ ಒದ್ದೆ ಹೆಜ್ಜೆಗಳು. ಬಲಿಪೀಠದ ಹಿಂದಿನಿಂದ ಹೊರಟು ಸ್ವರೂಪದ ಬುಡದವರೆಗೆ ಬಂದಿದ್ದವು. ಅಲ್ಲಿಗೆ ನಿಂತಿದ್ದವು. ವಾಪಸು ಹೋದ ಗುರುತು ಇರಲಿಲ್ಲ.

ಹೊರಗೆ ಮಂಜು ಇಳಿಯುತ್ತಿತ್ತು. ಒಳಗೆ ಯಾರೋ ಉಸಿರು ಹಿಡಿದು ನಿಂತ ಹಾಗೆ ಅನ್ನಿಸಿತು. ನಾನು ಬಗ್ಗಿ ಒಂದು ಹೆಜ್ಜೆಗೆ ಮುತ್ತಿಟ್ಟೆ. ತಣ್ಣಗಿತ್ತು. ಆಮೇಲೆ ಯಾರೂ ತುಳಿಯಬಾರದು ಅಂತ ಸೆರಗಿನಿಂದ ಎಲ್ಲವನ್ನೂ ಒರೆಸಿಬಿಟ್ಟೆ.

ನೀನು ಹೇಳಿದಂತೆ ಇಣುಕಲಿಲ್ಲ.

ಜಪಮಾಲೆ


ಕೊಡ್ಲಿಪೇಟೆ
3 ಜನವರಿ 2024

ಅಣ್ಣಾ,

ಕ್ರಿಸ್ಮಸ್ ಕಾರ್ಡು ತಲುಪಿತು. ಅದರಲ್ಲಿ ನೀನು ಸಹಿ ಬಿಟ್ಟು ಏನೂ ಬರೆದಿರಲಿಲ್ಲ. ನನ್ನ ಕಾಗದಕ್ಕೆ ಉತ್ತರ ಬರೆಯಲು ಹೆದರಿದೆಯಾ?

ಒಂದು ಪ್ರಶ್ನೆ ಕೇಳುತ್ತೇನೆ, ನಗಬೇಡ. ದೇವರಿಗೆ ಕೆಮ್ಮು ಬರುತ್ತದಾ?

ಮೊನ್ನೆ ಸೋಮವಾರ, ಹೊಸ ವರ್ಷದ ಸಂಜೆ, ಎಲ್ಲರೂ ಹೋದ ಮೇಲೆ ನಾನೊಬ್ಬಳೇ ಕೂತಿದ್ದೆ. ಕತ್ತಲು ಇನ್ನೂ ಪೂರ್ತಿ ಆಗಿರಲಿಲ್ಲ. ಬಲಿಪೀಠದ ಹಿಂದೆ ಕೆಮ್ಮು. ಒಂದು ಸಲ. ಆಮೇಲೆ ಬಾಯಿಗೆ ಬಟ್ಟೆ ಒತ್ತಿಕೊಂಡಂತೆ ಇನ್ನೊಂದು. ಎದ್ದು ಹೋಗಿ ನೋಡಬಹುದಿತ್ತು, ಹತ್ತು ಮಾರು ದೂರ. ಕಣ್ಣು ಮುಚ್ಚಿ ಪರಲೋಕ ಮಂತ್ರ ಹೇಳಿದೆ, ಎದ್ದು ಬೀಗ ಹಾಕಿದೆ, ಮನೆಗೆ ಬಂದೆ.

ಮನೆಯಲ್ಲಿ ಕೂರಲಾಗಲಿಲ್ಲ. ನಿನ್ನೆ ಲೈನಿಗೆ ಹೋದೆ. ಕಾಫಿ ಪಿಕ್ಕಿಂಗ್ ಸಮಯ, ದೊಡ್ಡವರೆಲ್ಲ ತೋಟದಲ್ಲಿ. ರುದ್ರಮ್ಮ ಅಂತ ಒಬ್ಬಳು ಬಾಣಂತಿ ಬಾಗಿಲಲ್ಲಿ ಕೂತಿದ್ದಳು. "ನಿಮ್ಮಲ್ಲಿ ಯಾವುದಾದರೂ ಮಗು ಕಾಣಿಸ್ತಿಲ್ವೇನೇ?" ಅಂದೆ.

"ಎಲ್ಲಾ ಅವೆ ಕಣಕ್ಕ," ಅಂದಳು. ಕೂಸಿನ ಮಗ್ಗುಲು ಬದಲಿಸಿ, "ಮಾರಿ ಮಗ ಒಂದಿತ್ತು. ಅದು ನಮ್ದಲ್ಲ," ಅಂದಳು. ಇಲ್ಲಿ ಹೆಣ್ಣುಮಗುವನ್ನೂ ಮಗ ಅನ್ನುತ್ತಾರೆ, ನಿನಗೆ ಮರೆತಿರಬಹುದು. ಮಾರಿ ಅನ್ನುವ ಆ ಕೂಲಿಯವಳು ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಳಂತೆ. ಗಂಡ ಮೊದಲೇ ಬಿಟ್ಟುಹೋಗಿದ್ದ. ಮಗುವಿಗೆ ಯಾರು ಊಟ ಹಾಕುತ್ತಿದ್ದರು ಅಂತ ಕೇಳಿದೆ. "ಆ ಕೊನೇ ಮನೆಯೋರು ಹಾಕ್ತಿದ್ರು" ಅಂದಳು. ಕೊನೇ ಮನೆಯ ಮುದುಕಿಯನ್ನು ಕೇಳಿದರೆ, "ಅಯ್ಯೋ, ರುದ್ರಮ್ಮ ಹಾಕ್ತವಳೆ ಅಂದ್ಕಂಡಿದ್ವಿ" ಅಂದಳು.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಧರ್ಮೇಂದ್ರನನ್ನು ಹಿಡಿದೆ. ಅವನಿಗೆ ನನ್ನ ಕಂಡರೆ ನಗು. "ಅದಾ ಮೇಡಂ? ಅದು ಅವರ ಚಿಕ್ಕಮ್ಮನ ಜೊತೆ ಮಾಕುಟ್ಟದ ಕಡೆ ಹೋಯ್ತಂತೆ. ನೀವ್ಯಾಕೆ ತಲೆ ಕೆಡಿಸ್ಕೋತೀರಿ?" ಅಂದ.

ಹೋಯಿತು ಅಂದನಲ್ಲ, ನನಗೆ ಎದೆ ಹಗುರವಾಯಿತು. ದಾರಿಯುದ್ದಕ್ಕೂ ಹಗುರವಾಗಿಯೇ ಬಂದೆ. ಮನೆ ಹತ್ತಿರ ಬಂದಾಗ, ಯಾಕೆ ಹಗುರವಾಯಿತು ಅಂತ ನನ್ನನ್ನೇ ಕೇಳಿಕೊಂಡೆ. ಉತ್ತರ ನನಗೆ ಹಿಡಿಸಲಿಲ್ಲ.

ಇನ್ನೊಂದು ತಲೆನೋವು. ತೇಜಸ್ ಅಂತ ಒಬ್ಬ ಹುಡುಗ ಮೊಬೈಲಿನಲ್ಲಿ ವೀಡಿಯೊ ಮಾಡಿ ಬಿಟ್ಟಿದ್ದಾನೆ. ಬೀಗದ ಕೈ ಇರುವುದು ಮುದುಕಿಯ ಹತ್ತಿರ, ಬನ್ನು ಹೋಗುವುದು ಮುದುಕಿಯ ಹೊಟ್ಟೆಗೆ ಅಂತ. ಊರೆಲ್ಲ ನೋಡಿದೆ. ನನ್ನನ್ನು ಕಳ್ಳಿ ಅಂದರು ಅಣ್ಣಾ, ಈ ವಯಸ್ಸಿನಲ್ಲಿ.

ಬೇಗ ಬರೆ.

ಜಪಮಾಲೆ


ಮೈಸೂರು
10 ಜನವರಿ 2024

ಜಪಮಾಲೆ,

ನಿನ್ನ ಕಾಗದ ಇವತ್ತು ಕೈಗೆ ಬಂತು. ಓದಿದ ತಕ್ಷಣ ಬರೆಯುತ್ತಿದ್ದೇನೆ.

ಇಣುಕಬೇಡ ಅಂದದ್ದು ನಾನು. ತಪ್ಪು ಹೇಳಿದೆ. ಡಿಸೆಂಬರಿನಲ್ಲಿ ಹೆಜ್ಜೆಯ ವಿಷಯ ಬರೆದಾಗಲೇ ನನಗೆ ಹೊಳೆದಿತ್ತು. ಹೊಳೆದದ್ದನ್ನು ಬರೆದರೆ ನೀನು ಏನಾದರೂ ಮಾಡಬೇಕಾಗುತ್ತಿತ್ತು, ನಾನೂ ಏನಾದರೂ ಮಾಡಬೇಕಾಗುತ್ತಿತ್ತು. ಅದಕ್ಕೆ ಬರೀ ಸಹಿ ಹಾಕಿ ಕಾರ್ಡು ಕಳಿಸಿದೆ.

ಅದು ಮಗು. ಮಾಕುಟ್ಟಕ್ಕೆ ಹೋಗಿಲ್ಲ. ಬಾಲಯೇಸು ಅಂದರೆ ಬನ್ನು ಕೊಡುವ ಜನ, ಕೂಲಿಯವಳ ಮಗು ಅಂದರೆ ಬೆತ್ತ ತೆಗೆಯುತ್ತಾರೆ. ಅದು ಆ ಮಗುವಿಗೆ ಗೊತ್ತಿದೆ, ನಿನಗೂ ಗೊತ್ತಿದೆ. ಈ ಕಾಗದ ಓದಿದ ಕೂಡಲೇ ಗುಡಿಗೆ ಹೋಗು. ಬಲಿಪೀಠದ ಹಿಂದೆ ನೋಡು. ಎತ್ತಿಕೊಂಡು ಬಾ. ಜನ ಏನಾದರೂ ಅಂದುಕೊಳ್ಳಲಿ, ಗುಡಿಯ ಮಾಡು ಸೋರಲಿ.

ಫೋನು ಮಾಡಿಸಲು ನೋಡಿದೆ, ನಿನ್ನ ಫೋನು ಆಫ್ ಆಗಿದೆ ಅಂದರು.

ಚೌರಪ್ಪ


ಕೊಡ್ಲಿಪೇಟೆ
13 ಜನವರಿ 2024, ಶನಿವಾರ

ಅಣ್ಣಾ,

ನಿನ್ನ ಉತ್ತರ ಇನ್ನೂ ಬಂದಿಲ್ಲ. ಬೈಯುವವರ ಕಾಟಕ್ಕೆ ಫೋನು ಆಫ್ ಮಾಡಿ ಪೆಟ್ಟಿಗೆಗೆ ಹಾಕಿದ್ದೇನೆ.

ಇವತ್ತು ಗುಡಿಗೆ ಮೊಹರು ಹಾಕಿಸಿದೆ. ಹೌದು, ನಾನೇ ಕೇಳಿ ಹಾಕಿಸಿದ್ದು. ಸಮಿತಿಯವರ ಮುಂದೆ ಬೀಗದ ಕೈ ಮೇಜಿನ ಮೇಲೆ ಎಸೆದು, "ನೀವೇ ಬೀಗ ಹಾಕಿ, ನೀವೇ ಅರಗಿನ ಮುದ್ರೆ ಒತ್ತಿ, ಮಂಗಳವಾರ ಫಾದರ್ ಕೈಯಲ್ಲಿ ತೆಗೆಸಿ. ಆಗ ಬನ್ನು ಕಡಿಮೆ ಇದ್ದರೆ ನನ್ನನ್ನು ಕಳ್ಳಿ ಅಂದವರೆಲ್ಲ ನನ್ನ ಮುಂದೆ ಮಂಡಿಯೂರಬೇಕು" ಅಂದೆ. ಇನ್ನಾಸಪ್ಪನಿಗೂ ಅದೇ ಬೇಕಾಗಿತ್ತು. ಬಿಷಪ್ಪರಿಗೆ ತೋರಿಸಲು ಸಾಕ್ಷಿ ಆಗುತ್ತದಂತೆ.

ಮಧ್ಯಾಹ್ನ ಎಲ್ಲರೂ ಒಳಗೆ ಹೋಗಿ ಹುಡುಕಿದರು. ಬಲಿಪೀಠದ ಹಿಂದಿನ ಕೋಣೆಯಲ್ಲಿ ಮೇಲುಗಡೆ ಒಂದು ಗವಾಕ್ಷಿ ಇದೆಯಲ್ಲ, ಅದರ ಬಾಗಿಲು ಮುರಿದಿತ್ತು. ಹೊರಗಡೆ ಹಲಸಿನ ಕೊಂಬೆ ಅಲ್ಲಿಗೇ ಬಾಗಿದೆ. ಮಾಡಿನ ಆಳುಗಳು ಅದಕ್ಕೆ ತಗಡು ಹೊಡೆದರು. ಮೊಳೆ ಹೊಡೆಯುವ ಸದ್ದು ಗುಡಿಯೆಲ್ಲ ಗುಂಯ್ ಅನ್ನುತ್ತಿತ್ತು.

ಆ ಕೋಣೆಯ ಮೂಲೆಯಲ್ಲಿ ಹಳೆಯ ಪರದೆಗಳ ರಾಶಿ ಇದೆ. "ಅದ್ರಲ್ಲಿ ಏನೈತಕ್ಕ?" ಅಂದ ಇನ್ನಾಸಪ್ಪ.

"ಬಟ್ಟೆ," ಅಂದೆ.

ಸ್ವರೂಪದ ಮುಂದೆ ಬುಟ್ಟಿ ತುಂಬ ಬನ್ನು ಇಟ್ಟು ಬಂದಿದ್ದೇವೆ. ಗಂಟೆಯ ಹಗ್ಗವೂ ಬಾಗಿಲ ಒಳಗೇ ಉಳಿಯಿತು, ಹಾಗಾಗಿ ಸಂಜೆಯ ಗಂಟೆ ಹೊಡೆಯಲಿಲ್ಲ. ನಾನು ಮದುವೆಯಾಗಿ ಈ ಊರಿಗೆ ಬಂದ ಮೇಲೆ ಇದೇ ಮೊದಲು. ಊರು ಸತ್ತ ಹಾಗಿದೆ.

ಜಪಮಾಲೆ


ಕೊಡ್ಲಿಪೇಟೆ
31 ಜನವರಿ 2024

ಅಣ್ಣಾ,

ನೀನು ಬರೆದ ಮೂರು ಕಾಗದಗಳೂ ಬಂದಿವೆ. ಉತ್ತರ ಬರೆಯಲು ಮನಸ್ಸು ಬರಲಿಲ್ಲ. ಇವತ್ತು ಬರೆಯಲೇಬೇಕಾಗಿದೆ. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಮಗುವನ್ನು ನೋಡು ಅಂತ ನೀನು ಬರೆದ ಕಾಗದ, ಮೊಹರು ಹಾಕಿಸಿದ ಮೇಲಿನ ಸೋಮವಾರ ಮಧ್ಯಾಹ್ನ ಬಂತು. ಗೇಟಿನಲ್ಲೇ ನಿಂತು ಓದಿದೆ. ಗುಡಿಯ ಹಿಂದಕ್ಕೆ ಓಡಿದೆ. ತಗಡು ಬಡಿದು, "ಯಾರಾದ್ರೂ ಇದೀರಾ? ಪಾಪು, ಇದೀಯಾ?" ಅಂತ ಕೂಗಿದೆ. ಗೋಡೆಗೆ ಕಿವಿ ಕೊಟ್ಟೆ. ಏನೂ ಇಲ್ಲ. ಗೋಡೆ ಮಾತ್ರ ತಣ್ಣಗೆ ಕಿವಿಗೆ ಹತ್ತಿತು. ಸದ್ಯ, ಇಲ್ಲ ಅಂದುಕೊಂಡೆ. ಮನೆಗೆ ಬಂದು ಅನ್ನಕ್ಕಿಟ್ಟೆ. ಕೇಳಿಸಿತಾ? ಅನ್ನಕ್ಕಿಟ್ಟೆ.

ಮಬ್ಬುಗತ್ತಲಾಗುವಾಗ ಗಂಟೆ ಹೊಡೆಯಿತು.

ಬೀಗ ಹಾಗೇ ಇದೆ, ಅರಗು ಹಾಗೇ ಇದೆ, ಒಳಗೆ ಗಂಟೆ. ಒಂದು ಪೆಟ್ಟು. ಬಹಳ ಹೊತ್ತು ಬಿಟ್ಟು ಇನ್ನೊಂದು. ಮಂಜು ಎಷ್ಟಿತ್ತೆಂದರೆ ಗೋಪುರ ಕಾಣುತ್ತಿರಲಿಲ್ಲ, ಸದ್ದು ಎಲ್ಲಿಂದ ಬರುತ್ತಿದೆ ಅಂತಲೇ ತಿಳಿಯುತ್ತಿರಲಿಲ್ಲ. ಜನ ಓಡಿ ಬಂದರು. ಪಿಕ್ಕಿಂಗ್ ಮುಗಿಸಿದವರು ಸೊಂಟದ ಚೀಲ ಬಿಚ್ಚದೇ ಬಂದರು. ಬಸ್ಸು ನಿಲ್ಲಿಸಿ ಇಳಿದು ಬಂದರು. ಎಲ್ಲರೂ ಮುಚ್ಚಿದ ಬಾಗಿಲ ಮುಂದೆ ಕೆಸರಲ್ಲೇ ಮಂಡಿಯೂರಿದರು. ಇನ್ನಾಸಪ್ಪ ಮಗುವಿನಂತೆ ಅಳುತ್ತಿದ್ದ. ಯಾರೋ ಹಾಡು ಎತ್ತಿದರು, ಎಲ್ಲರೂ ಸೇರಿದರು. ಒಳಗೆ ಗಂಟೆ, ಹೊರಗೆ ಹಾಡು.

ನಾನೂ ಮಂಡಿಯೂರಿದೆ ಅಣ್ಣಾ. ನಿನ್ನ ಕಾಗದ ಸೊಂಟದಲ್ಲಿತ್ತು.

ಆಗ ಎರಡು ಪೆಟ್ಟಿನ ನಡುವೆ ಕೆಮ್ಮು ಕೇಳಿಸಿತು. ನನ್ನ ಪಕ್ಕದವಳಿಗೂ ಕೇಳಿಸಿತು, ನನ್ನ ಮುಖ ನೋಡಿದಳು. ನೋಡಿ ಕಣ್ಣು ಮುಚ್ಚಿ ಇನ್ನೂ ಜೋರಾಗಿ ಹಾಡಿದಳು. ನಾನು ಎದ್ದು "ಹಾಡು ನಿಲ್ಲಿಸ್ರೋ!" ಅಂತ ಕಿರುಚಿದೆ. ನಿಲ್ಲಿಸಲಿಲ್ಲ. ಗಂಟೆಯೇ ನಿಂತುಹೋಯಿತು. ಎಲ್ಲರೂ ಒಟ್ಟಿಗೆ "ಆಮೆನ್" ಅಂದರು.

ಮಾಡಿನ ಆಳುಗಳು ಬಿಟ್ಟುಹೋಗಿದ್ದ ಹಾರೆ ಗೋಡೆಗೆ ಒರಗಿತ್ತು. ತೆಗೆದುಕೊಂಡೆ. ಇನ್ನಾಸಪ್ಪ ಬಾಗಿಲಿಗೆ ಅಡ್ಡ ನಿಂತ. "ಅಕ್ಕ, ಮುದ್ರೆ ಒಡೀಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ. ನಾಳೆ ಬೆಳಿಗ್ಗೆ ಫಾದರ್ ಬರ್ತಾರೆ. ಒಂದು ರಾತ್ರಿ ತಡ್ಕಳಿ."

"ಒಳಗಿರೋದು ಮಾರಿ ಮಗಳು ಕಣೋ. ಅವತ್ತು ನಾನು ಬಟ್ಟೆ ಅಂದ್ನಲ್ಲ, ಎತ್ತಿ ನೋಡಿರಲಿಲ್ಲ," ಅಂದೆ. ಅವನು ಸರಿಯಲಿಲ್ಲ. ಹಾರೆಯಿಂದ ಅವನ ಮುಂಗೈಗೆ ಹೊಡೆದೆ. ಆಮೇಲೆ ಬೀಗಕ್ಕೆ ಹೊಡೆದೆ.

ಮಗು ಗಂಟೆಯ ಹಗ್ಗದ ಕೆಳಗೆ ಬಿದ್ದಿತ್ತು. ಹಗ್ಗ ಕೈಗೆ ಸುತ್ತಿಕೊಂಡೇ ಇತ್ತು. ಮೈ ಕಾದ ಹಂಚು. ತೀರ್ಥದ ಕಲ್ಲುಬಟ್ಟಲು ಒಣಗಿತ್ತು, ಹೂದಾನಿಯ ನೀರೂ ಇರಲಿಲ್ಲ. ಬುಟ್ಟಿಯ ಬನ್ನು ಇಟ್ಟದ್ದು ಇಟ್ಟಂತೆಯೇ ಇತ್ತು. ಒಣಗಿದ ಗಂಟಲಿಗೆ ಬನ್ನು ಇಳಿಯುವುದಿಲ್ಲ.

ಹಿಂದಿನಿಂದ ಯಾರೋ "ಥೂ, ಇದಾ?" ಅಂದರು. ಇನ್ನೊಬ್ಬರು "ಕಳ್ಳಮುಂಡೇದು" ಅಂದರು. ಒಬ್ಬಳು ತನ್ನ ಬನ್ನು ಹುಡುಕಿ ವಾಪಸು ತೆಗೆದುಕೊಂಡಳು. ರುದ್ರಮ್ಮ ಮಾತ್ರ ತನ್ನ ಕೂಸನ್ನು ಬೇರೆಯವರ ಕೈಗೆ ಕೊಟ್ಟು ನುಗ್ಗಿ ಬಂದು, "ನಮ್ಮ ಪಾಪು ಕಣಕ್ಕ, ನಮ್ಮ ಪಾಪುನೇ," ಅಂತ ಎತ್ತಿಕೊಂಡಳು. ನಾನೂ ಅವಳೂ ಒಂದೇ ಆಟೋದಲ್ಲಿ ಆಸ್ಪತ್ರೆಗೆ ಹೋದೆವು.

ಶ್ವಾಸಕೋಶಕ್ಕೆ ಹತ್ತಿತ್ತು. ಮಡಿಕೇರಿಗೆ ಕರೆದೊಯ್ಯಬೇಕಾಯಿತು. ಬದುಕಿತು. ಹೆಸರು ಹರ್ಷಿತಾ ಅಂತೆ, ಲೈನಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಕ್ಕಳ ಕಲ್ಯಾಣ ಸಮಿತಿಯವರು ಬಂದು ನನ್ನ ಮನೆ, ನನ್ನ ಮಂಡಿ, ಎಲ್ಲ ಪರೀಕ್ಷೆ ಮಾಡಿ, ಸದ್ಯಕ್ಕೆ ಇಲ್ಲೇ ಇರಲಿ ಅಂದಿದ್ದಾರೆ. ಗುಡಿಗೆ ಈಗ ಮತ್ತೆ ಅದೇ ನಾಲ್ಕು ಮುದುಕಿಯರು. ಮಾಡು ಅರ್ಧಕ್ಕೆ ನಿಂತಿದೆ. ಇನ್ನಾಸಪ್ಪ ಕೈಗೆ ಪಟ್ಟಿ ಸುತ್ತಿಕೊಂಡು ಓಡಾಡುತ್ತಾನೆ, ನನ್ನ ಕಂಡರೆ ರಸ್ತೆ ದಾಟುತ್ತಾನೆ.

ಮಗು ಎದುರಿಗೆ ಯಾರಾದರೂ ಇದ್ದರೆ ಉಣ್ಣುವುದಿಲ್ಲ. ತಟ್ಟೆ ಇಟ್ಟು ನಾನು ಗೋಡೆಯ ಕಡೆ ತಿರುಗಿ ಕೂರುತ್ತೇನೆ. ಒಂದು ದಿನ ಹಾಗೆ ಕೂತೇ ಕೇಳಿದೆ, "ಬಾಲಯೇಸುವಿನ ಕೈಗೆ ಚೂರು ಇಡ್ತಿದ್ದೆಯಲ್ಲ, ಅಷ್ಟು ಎತ್ತರಕ್ಕೆ ಹೇಗೆ ಹತ್ತುತ್ತಿದ್ದೆ?" ಅಂತ. "ನಾನ್ ಇಟ್ಟಿಲ್ಲ," ಅಂತು. ಮತ್ತೆ ಕೇಳುವ ಧೈರ್ಯ ನನಗೆ ಬರಲಿಲ್ಲ.

ಇವತ್ತು ಬೆಳಿಗ್ಗೆ ಅದಾಗಿಯೇ ಮಾತಾಡಿತು. ಒಲೆಯ ಮುಂದೆ ಚಳಿ ಕಾಯಿಸುತ್ತ ಕೂತಿತ್ತು.

"ಅಜ್ಜಿ, ನಾ ಗಂಟೆ ಹೊಡೆದಾಗ ಹೊರಗೆ ತುಂಬಾ ಜನ ಇದ್ರಲ್ವಾ?"

"ಇದ್ದರು."

"ಹಾಡ್ತಿದ್ರಿ. ಯಾರಿಗ್ ಹಾಡ್ತಿದ್ದಿದ್ದು?"

ಸುಳ್ಳು ಹೇಳಬಹುದಿತ್ತು. ಅತಿ ಚಿಕ್ಕವರಲ್ಲಿ ಒಬ್ಬರಿಗೆ ಮಾಡಿದ್ದು ಸ್ವಾಮಿಗೇ ಮಾಡಿದ್ದು ಅಂತ ನೀನು ಪೀಠದ ಮೇಲೆ ನಿಂತು ಜನ್ಮವೆಲ್ಲ ಹೇಳಿದ ಮಾತೇ ನಿಜವಾದರೆ, ಇರುವುದು ಒಂದೇ ಉತ್ತರ. "ನಿನಗೇ ಕಂದಾ," ಅಂದೆ.

ಯೋಚನೆ ಮಾಡಿತು. ನನ್ನ ಮುಖ ನೋಡಿ ಕೇಳಿತು. ಕೋಪ ಇರಲಿಲ್ಲ, ಬರೀ ತಿಳಿಯದೇ ಕೇಳಿದ್ದು.

"ಹಂಗಾದ್ರೆ ಬಾಗ್ಲು ಯಾಕ್ ತೆಗೀಲಿಲ್ಲ?"

ಅಣ್ಣಾ, ಪಾದ್ರಿ ಅಣ್ಣನಿಗೆ ಕಾಗದ ಬರೆದು ಕೇಳಿ ಹೇಳುತ್ತೇನೆ ಅಂದಿದ್ದೇನೆ. ಅದು ನಂಬಿದೆ. ನಾನಿನ್ನೂ ಇದನ್ನು ಬರೆಯುತ್ತಿರುವಾಗಲೇ ಕಾಗದ ಬಂತಾ, ಕಾಗದ ಬಂತಾ ಅಂತ ಮೂರು ಸಲ ಕೇಳಿ ಆಯಿತು, ಈಗಲೂ ಗೇಟಿನ ಹತ್ತಿರ ನಿಂತಿದೆ.

ನಿನ್ನ ತಂಗಿ,
ಜಪಮಾಲೆ